ಮುತ್ಯಾನ ಮೂರು ಕೂಗು

ತಪ್ಪು ನನ್ನದು. ಇದನ್ನು ಮೊದಲೇ ಬರೆದುಬಿಡುವುದು ಒಳ್ಳೆಯದು, ಏಕೆಂದರೆ ಹೇಳುತ್ತ ಹೋದಂತೆ ತಪ್ಪನ್ನು ಮೆಲ್ಲಗೆ ಇನ್ನೊಬ್ಬರ ಹೆಗಲಿಗೆ ಜಾರಿಸುವ ಚಾಳಿ ನನಗಿದೆ. ಶಹಾಬಾದಿನ ಕಲ್ಲಿನ ಗಣಿಯಲ್ಲಿ ಮಂದಿಯ ಜೀವ ಕಾಯುತ್ತಿದ್ದ ಒಬ್ಬ ಮುದುಕನ ಕೂಗನ್ನು ನಾಟಕದಲ್ಲಿ ನಗೆಯ ಸಾಮಾನು ಮಾಡಿದವನು ನಾನು. ಬೇಡ ಎಂದವರಿದ್ದರು. ಅವರಿಗೆ ಆಣೆ ಮಾಡಿಕೊಟ್ಟಿದ್ದೆ. ಆಣೆ ಮಾಡಿದ ಬಾಯಿಯಿಂದಲೇ ಹನ್ನೊಂದು ದಿನದ ಮೇಲೆ ಕೂಗಿದೆ.

ನನ್ನ ಬಾಯಿಯ ವಿಷಯ ಸ್ವಲ್ಪ ಹೇಳಬೇಕು. ದೇವರು ನನ್ನ ಮುಖ ಮಾಡುವಾಗ ಅವಸರದಲ್ಲಿದ್ದನೆಂದು ಕಾಣುತ್ತದೆ. ಬೇರೆ ಯಾರಿಗೋ ಮಾಡಿಟ್ಟಿದ್ದ ಮೂಗನ್ನು ತಂದು ನನಗೆ ಹಚ್ಚಿಬಿಟ್ಟ. ಆ ಲುಕ್ಸಾನು ತುಂಬಿಕೊಡಲು ಗಂಟಲು ಕೊಟ್ಟ. ಒಂದು ಸಲ ಕೇಳಿದ ದನಿ ನನ್ನಲ್ಲಿ ಬಾಡಿಗೆ ಇಲ್ಲದೆ ಮನೆ ಮಾಡುತ್ತಿತ್ತು. ಕೂಲಿಗಳಿಗೆ ಬೈಯುವ ಮೊದಲು ಕೆಮ್ಮುವ ಗಣಿಯ ಮುಕಾದಮ, ನಿದ್ದೆಗಣ್ಣಿನಲ್ಲಿ ಗಾಡಿಯ ಹೆಸರು ಕೂಗುವ ವಾಡಿ ಸ್ಟೇಶನ್ನಿನ ಜವಾನ, ಸತ್ತವರ ಮನೆಯಲ್ಲಿ ಹಾಡಿಕೊಂಡು ಅಳುತ್ತ ನಡುವೆ ನಿಲ್ಲಿಸಿ "ಮನ್ಯಾಗ ಬ್ಯಾಳಿ ಒಲಿ ಮ್ಯಾಲ ಇಟ್ಟೀರೇನು" ಎಂದು ಕೇಳುವ ನನ್ನ ತಾಯಿ, ಎಲ್ಲರೂ ನನ್ನಲ್ಲಿದ್ದರು. ನನ್ನ ಕುಂಟು ನಡಿಗೆಯನ್ನೂ ನಾನೇ ಅಣಕಿಸುತ್ತಿದ್ದೆ, ಬೇರೆಯವರು ಶುರು ಮಾಡುವ ಮೊದಲು.

ಆಗ ನನಗೆ ಇಪ್ಪತ್ತೆರಡಿರಬೇಕು. ಗಣಿಯಲ್ಲಿ ಸೀಳಿ ತೆಗೆದ ಫರಸಿ ಕಲ್ಲುಗಳಿಗೆ ಅವುಗಳ ಅಳತೆಯ ಗುರುತನ್ನು ಕೆಮ್ಮಣ್ಣಿನಲ್ಲಿ ಬರೆಯುವ ಕೆಲಸ ನನ್ನದು. ಫರಸಿಯ ಪದರ ಕಬ್ಬಿಣದ ಹಾರಿಗೆ ಬಗ್ಗುತ್ತದೆ. ಅದರ ಮೇಲೆ ಕುಳಿತ ಹುಂಬ ಕಲ್ಲು ಬಗ್ಗುವುದಿಲ್ಲ. ಅದಕ್ಕೆ ತೂತು ಕೊರೆದು, ಮದ್ದು ತುಂಬಿ, ಬತ್ತಿ ಹಚ್ಚಿ ಹಾರಿಸಬೇಕು. ಇದಕ್ಕೆ ನಮ್ಮಲ್ಲಿ ಸುರಂಗ ಹಚ್ಚುವುದು ಎನ್ನುತ್ತಾರೆ. ಸುರಂಗ ಹಚ್ಚುವ ಮೊದಲು ಮಂದಿಯನ್ನು ಕೂಗಿ ಸರಿಸುವವನು ಒಬ್ಬ ಮುದುಕ. ಗಣಿಗೆಲ್ಲ ಅವನು ಮುತ್ಯಾ, ಎಂದರೆ ಅಜ್ಜ. ಹರೆಯದಲ್ಲಿ ಕಾಗಿಣಾ ಹೊಳೆಯ ಮೇಲೆ ಹರಗೋಲು ಹಾಕುತ್ತಿದ್ದವನು. ಆಚೆ ದಡದಲ್ಲಿ ನಿಂತವರಿಗೆ ಈಚೆಯಿಂದ ಕೂಗಿ ಕೂಗಿ ಪಳಗಿದ ಗಂಟಲು ಅವನದು.

ಅವನ ಕೂಗು ಮೂರು. ಮೊದಲನೆಯದು "ಹಾರಿ ಇಡ್ರೀ ಹೋ", ಎಂದರೆ ಕೈಯಲ್ಲಿದ್ದುದನ್ನು ಕೆಳಗಿಡಿ. ಎರಡನೆಯದು "ಸರೀರೀ ಹೋ". ಮೂರನೆಯದಕ್ಕೆ ಮಾತಿಲ್ಲ, ಬರೀ "ಹೋ". ಆ ಮೂರನೆಯದು ಬಿದ್ದ ಮೇಲೆ ಗಣಿಯಲ್ಲಿ ನಾಯಿಯೂ ಅಲುಗಾಡುತ್ತಿರಲಿಲ್ಲ. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಅವನು ಸ್ವಲ್ಪ ತಡೆದು, ತುಟಿ ಅಲುಗಿಸಿ, ಉಗುಳು ನುಂಗುತ್ತಿದ್ದ. ಆ ಉಗುಳು ನುಂಗುವುದನ್ನೂ ನಾನು ಬಿಟ್ಟಿರಲಿಲ್ಲ.

ನಮ್ಮ ನಾಟಕದ ಗುಂಪು ದೊಡ್ಡದೇನಲ್ಲ. ಗಣಿಯ ನಾಲ್ಕೈದು ಜನ, ಹೆಣ್ಣುಪಾತ್ರಕ್ಕೆ ಊರಿನ ದರ್ಜಿ, ವಾಡಿಯಿಂದ ಪ್ಯಾಸೆಂಜರ್ ಗಾಡಿಯಲ್ಲಿ ಬಂದುಹೋಗುವ ಹಾರ್ಮೋನಿಯಂ ಪೇಟಿಯವನು, ಮತ್ತು ಎಲ್ಲದಕ್ಕೂ ತಲೆಯಾಗಿ ಮಾಸ್ತರರು. ಸರಕಾರಿ ಶಾಲೆಯಲ್ಲಿ ಕಲಿಸುವುದೆಲ್ಲ ಉರ್ದುವಿನಲ್ಲಿ. ಇವರು ತಮ್ಮ ಮನೆಯ ಕಟ್ಟೆಯ ಮೇಲೆ ಮಕ್ಕಳನ್ನು ಕೂಡಿಸಿಕೊಂಡು ಕನ್ನಡ ತಿದ್ದಿಸುತ್ತಿದ್ದರು. ಹಿಂದಿನ ಎರಡು ವರ್ಷ ನಾವು ಶರಣರ ನಾಟಕ ಆಡಿದ್ದೆವು. ಮಂದಿ ಭಕ್ತಿಯಿಂದ ಕೈಮುಗಿದರು, ಭಕ್ತಿಯಿಂದ ನಿದ್ದೆಯನ್ನೂ ಮಾಡಿದರು. ಆ ಸಲ ಮಾಸ್ತರರು ಹಟ ಹಿಡಿದು ಹೊಸದೊಂದು ಹಾಸ್ಯ ನಾಟಕ ಬರೆದರು. ಮಳಖೇಡದ ಕೋಟೆಯ ಹೊನ್ನು ತನ್ನ ಅಡಿಗೆಮನೆಯ ಕೆಳಗೇ ಹೂತಿದೆ ಎಂದು ನಂಬಿದ ಒಬ್ಬ ಆಸೆಬುರುಕನ ಕಥೆ. ಅವನು ಒಲೆ ಅಗೆಯುತ್ತಾನೆ, ಹೆಂಡತಿ ಅಂಗಳಕ್ಕೆ ಬರುತ್ತಾಳೆ; ಅಂಗಳ ಅಗೆಯುತ್ತಾನೆ, ಹೆಂಡತಿ ಮಾಳಿಗೆ ಹತ್ತುತ್ತಾಳೆ. ಕೊನೆಗೆ ಬಂಡೆ ಅಡ್ಡ ಬಂದು ಮನೆಯೊಳಗೇ ಸುರಂಗ ಹಚ್ಚಲು ಹೊರಡುತ್ತಾನೆ. ಆಸೆಬುರುಕ ನಾನು. ಹೆಂಡತಿ ದರ್ಜಿ.

ನಾಟಕಕ್ಕೆ ಪೊಲೀಸ್ ಅಮೀನರ ಪರವಾನಗಿ ಬೇಕು. ಮಾಸ್ತರರು ಪೂರಾ ನಾಟಕವನ್ನು ಉರ್ದುವಿನಲ್ಲಿ ಬರೆದು ಒಯ್ದರು. ನಮ್ಮ ಕಡೆಯ ಪದ್ಧತಿಯಂತೆ ಹಾಸ್ಯದವನಿಗೆ ಮಾತು ಬರೆಯುವುದಿಲ್ಲ. ಜಾಗ ಖಾಲಿ ಬಿಟ್ಟಿರುತ್ತಾರೆ, ಅಂದಂದಿನ ಮಂದಿಯ ಮುಖ ನೋಡಿ ಅವನೇ ತುಂಬಬೇಕು. ಅಮೀನರು ಆ ಬಿಳಿ ಜಾಗದ ಮೇಲೆ ಬೆರಳಿಟ್ಟು, "ಯೇ ಜಾಗಾ ಖಾಲೀ ಕಾಯ್ಕೂ ಛೋಡೇ?" ಎಂದು ಕೇಳಿದರಂತೆ. ಖಾಲಿ ಯಾಕೆ ಬಿಟ್ಟಿರಿ ಎಂದು. ಅದು ನಗುವ ಜಾಗ ಎಂದರೆ ಅವರು ಒಪ್ಪಲಿಲ್ಲ. ಬರೆಯದ ನಗುವಿಗೆ ಪರವಾನಗಿ ಇಲ್ಲ ಎಂದರು. ಮಾಸ್ತರರು ಅಲ್ಲೇ ಕುಳಿತು, "ಸುರಂಗ ಹಚ್ಚೀನಿ, ಎಲ್ಲರೂ ದೂರ ಸರೀರಿ" ಎಂಬ ಒಣ ಮಾತೊಂದನ್ನು ಬರೆದುಕೊಟ್ಟು ಬಂದರು. ಜುಮ್ಮಾದ, ಎಂದರೆ ಶುಕ್ರವಾರದ, ರಜೆಯ ದಿನ, ಕತ್ತಲಾಗುವುದರೊಳಗೆ ಆಡಿ ಮುಗಿಸಬೇಕೆಂದು ಹುಕುಂ ಆಯಿತು.

ತಾಲೀಮಿನಲ್ಲಿ ಆ ಒಣ ಮಾತನ್ನು ನಾಲ್ಕು ತರಹ ಹೇಳಿದೆ. ಯಾರೂ ನಗಲಿಲ್ಲ. ಐದನೆಯ ಸಲ, ಯಾಕೋ ಏನೋ, ಮುತ್ಯಾನ ಮೊದಲ ಕೂಗು ಬಾಯಿಗೆ ಬಂತು. ಹಾಕಿದೆ. ಪೇಟಿಯವನು ಪೇಟಿ ಬಿಟ್ಟು ಎದ್ದ. ಗಣಿಯವರು ಹಿಂದಕ್ಕೆ ನಾಲ್ಕು ಹೆಜ್ಜೆ ಸರಿದರು. ದರ್ಜಿ, ಅವನೂ ಮೊದಲು ಗಣಿಯಲ್ಲಿ ಕಲ್ಲು ಹೊತ್ತವನೇ, ಸೀರೆಯ ನಿರಿಗೆ ಎತ್ತಿ ಹಿಡಿದು ಗೋಡೆಯ ಆಚೆಗೆ ಹಾರಿದ. ಆಮೇಲೆ ಕೂಗಿದ್ದು ನಾನೆಂದು ತಿಳಿಯಿತು. ಬಿದ್ದು ಬಿದ್ದು ನಕ್ಕರು.

"ಥೂ ನಿನ್ನ," ಎಂದ ದರ್ಜಿ ಗೋಡೆಯ ಆಚೆಯಿಂದ. "ನನ್ನ ಕಾಲು ನನಗ ಕೇಳ್ಲಾರ್ದೆ ಓಡ್ಯಾವ."

ಮಾಸ್ತರರು ಮಾತ್ರ ನಗಲಿಲ್ಲ. "ಆ ಕೂಗು ನಾಟಕದಾಗ ಬರಬಾರ್ದು," ಎಂದರು.

"ಯಾಕ್ರಿ ಮಾಸ್ತರ್? ಭಾಳ ನಗ್ತಾರಲ್ರಿ."

"ನಗ್ತಾರ, ಅದಕ್ಕ ಬ್ಯಾಡ ಅಂದೆ. ಗುಡಿ ಗಂಟಿ ಬಿಚ್ಚಿ ಎಮ್ಮಿ ಕೊಳ್ಳಾಗ ಕಟ್ಟಿದ್ರ, ನಾಳಿ ಗುಡ್ಯಾಗ ಗಂಟಿ ಬಾರಿಸಿದಾಗ ಮಂದಿ ಎಮ್ಮಿ ಬಂತು ಅಂತಾರ. ಪೇಟಿ ಮುಟ್ಟಿ ಆಣಿ ಮಾಡು."

ಪೇಟಿ ಮುಟ್ಟಿ ಆಣೆ ಮಾಡಿದೆ. ಆಟದವರಿಗೆ ಅದಕ್ಕಿಂತ ದೊಡ್ಡ ಆಣೆ ಇಲ್ಲ.

ಜುಮ್ಮಾದ ಮಧ್ಯಾಹ್ನ ಗಣಿಯ ಹತ್ತಿರದ ಬಯಲಿನಲ್ಲಿ, ಮಾರಾಟಕ್ಕೆ ಒಟ್ಟಿದ್ದ ಫರಸಿಗಳನ್ನೇ ಹಾಸಿ ರಂಗಸ್ಥಳ ಮಾಡಿದೆವು. ಗಣಿಯ ಮಂದಿಯೆಲ್ಲ ಬಂದಿದ್ದರು. ಮುತ್ಯಾನನ್ನು ನಾನೇ ಹೋಗಿ ಕರೆತಂದು ಮುಂದಿನ ಸಾಲಿನಲ್ಲಿ ಕಂಬಳಿ ಹಾಸಿ ಕೂಡಿಸಿದ್ದೆ. ಯಾಕೆ ಕೂಡಿಸಿದೆ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಗೌರವಕ್ಕೆ ಎಂದು ಆಗ ಹೇಳಿಕೊಂಡೆ. ಆಣೆ ಮುರಿಯುವುದು ಒಳಗೆಲ್ಲೋ ಗಟ್ಟಿಯಾಗಿತ್ತೆಂದು ಈಗ ಅನಿಸುತ್ತದೆ.

ಮೊದಲೆರಡು ಪ್ರವೇಶ ತಣ್ಣಗೆ ಹೋದವು. ಮಾಸ್ತರರ ಹಾಸ್ಯ ಓದಿದವರ ಹಾಸ್ಯ. ಮಂದಿ ಮರ್ಯಾದೆಗೆ ಮುಗುಳ್ನಕ್ಕರು. ಹಿಂದೆ ಒಬ್ಬ ರೊಟ್ಟಿಯ ಗಂಟು ಬಿಚ್ಚಿದ. ಒಬ್ಬ ಆಕಳಿಸಿದ. ಆ ಆಕಳಿಕೆಯನ್ನು ಅಣಕಿಸಿದೆ, ಅದಕ್ಕೂ ನಗಲಿಲ್ಲ. ನಗಿಸಲಾಗದ ಹಾಸ್ಯದವನು ರಂಗದ ಮೇಲೆ ನಿಂತಾಗ ಅವನ ಬೆನ್ನಲ್ಲಿ ಇಳಿಯುವ ಬೆವರಿಗೆ ಆಣೆ, ಧರ್ಮ ಯಾವುದೂ ಗೊತ್ತಿರುವುದಿಲ್ಲ. ಇದನ್ನು ನೆಪವೆಂದು ಹೇಳುತ್ತಿಲ್ಲ. ನೆಪವೇ, ಆದರೂ ಹೇಳುತ್ತಿದ್ದೇನೆ.

ಸುರಂಗದ ಪ್ರವೇಶ ಬಂತು. ಬಾಯಿ ತೆರೆದೆ. "ಹಾರಿ ಇಡ್ರೀ ಹೋ."

ಮಂದಿ ಒಂದೇ ಮೈಯಂತೆ ಎದ್ದಿತು. "ಸರೀರೀ ಹೋ" ಎನ್ನುವಷ್ಟರಲ್ಲಿ ಮುಂದಿನ ಸಾಲುಗಳು ಫರಸಿಯ ಒಟ್ಟಿಲುಗಳ ಹಿಂದೆ ಮರೆಯಾಗಿದ್ದವು. ಒಬ್ಬಾಕೆ ತನ್ನದಲ್ಲದ ಮಗುವನ್ನು ಎತ್ತಿಕೊಂಡು ಓಡಿದಳು. ಬಂದೋಬಸ್ತಿಗೆ ಬಂದ ಪೊಲೀಸ್ ಜವಾನನ ಟೊಪ್ಪಿಗೆ ಬಯಲಿನಲ್ಲಿ ಉಳಿದಿತ್ತು, ಅವನು ಇರಲಿಲ್ಲ. ನಾನು ತಡೆದು, ತುಟಿ ಅಲುಗಿಸಿ, ಗುಟಕ್ಕೆಂದು ಕೇಳುವಂತೆ ಉಗುಳು ನುಂಗಿ ಮೂರನೆಯದನ್ನು ಹಾಕಿದೆ. ಆಮೇಲೆ ಒಟ್ಟಿಲುಗಳ ಹಿಂದಿನಿಂದ ಒಂದೊಂದೇ ತಲೆ ಎದ್ದಿತು, ಮತ್ತು ನಗು ಎದ್ದಿತು. ಅಂಥ ನಗು ನಾನು ಹಿಂದೆ ಕೇಳಿರಲಿಲ್ಲ. "ವನ್ಸ್ ಮೋರ್" ಎಂದು ಕೂಗಿದರು. ಮತ್ತೆ ಮಾಡಿದೆ. ಮೂರನೆಯ ಸಲವೂ ಮಾಡಿದೆ. ಪರದೆಯ ಸಂದಿಯಲ್ಲಿ ಮಾಸ್ತರರ ಮುಖ ಒಂದು ಸಲ ಕಾಣಿಸಿತು. ಆ ಕಡೆ ಮತ್ತೆ ನೋಡಲಿಲ್ಲ.

ಬಯಲಿನಲ್ಲಿ ಏಳದೆ ಕುಳಿತಿದ್ದವನು ಮುತ್ಯಾ ಒಬ್ಬನೇ. ತಾನು ಕೂಗಿಲ್ಲ ಎನ್ನುವುದು ಅವನಿಗಷ್ಟೇ ಗೊತ್ತಿತ್ತಲ್ಲ.

ಆಟ ಮುಗಿದ ಮೇಲೆ ಅವನ ಕಾಲು ಮುಟ್ಟಲು ಹೋದೆ. ಅವನು ಕಂಬಳಿ ಝಾಡಿಸಿ ಹೆಗಲಿಗೆ ಹಾಕಿಕೊಳ್ಳುತ್ತ, "ಚಲೋ ಮಾಡ್ದಿ," ಎಂದ. "ಮೂರನೇದ್ದು ಜರಾ ಉದ್ದ ಎಳದಿ. ಅಷ್ಟೊತ್ತಿಗಿ ಬತ್ತಿ ಮುಗದಿರ್ತದ." ಅಷ್ಟೇ ಹೇಳಿ ಹೋದ. ಅದನ್ನು ನಾನು ಶಾಬಾಸಗಿರಿ ಎಂದು ತಿಳಿದು ಊರೆಲ್ಲ ಹೇಳಿಕೊಂಡು ತಿರುಗಿದೆ.

ಮರುದಿನ ಗಣಿಯಲ್ಲಿ ಮುತ್ಯಾ ಮೊದಲ ಕೂಗು ಹಾಕಿದಾಗ ಎಲ್ಲಿಂದಲೋ ಯಾರೋ ಕಿಸಕ್ಕೆಂದರು. ಅದರ ಮರುದಿನ ಒಬ್ಬ "ವನ್ಸ್ ಮೋರ್" ಎಂದ. ಮೊದಲ ಕೂಗಿಗೆ ಹಾರಿ ಇಡುತ್ತಿದ್ದವರು ಎರಡನೆಯದಕ್ಕೆ ಇಡತೊಡಗಿದರು. ಎರಡನೆಯದಕ್ಕೆ ಸರಿಯುತ್ತಿದ್ದವರು ಮೂರನೆಯದಕ್ಕೆ ಏಳತೊಡಗಿದರು. ಕೆಮ್ಮಣ್ಣಿನ ಡಬ್ಬಿ ಹಿಡಿದು ಕೂತಲ್ಲಿಂದ ನನಗೆ ಎಲ್ಲವೂ ಕಾಣುತ್ತಿತ್ತು. ಮುತ್ಯಾ ಒಂದೊಂದು ಕೂಗನ್ನೂ ಎರಡೆರಡು ಸಲ ಹಾಕತೊಡಗಿದ್ದ, ಸಂಜೆಗೆ ಅವನ ಗಂಟಲು ಒಡೆಯುತ್ತಿತ್ತು. ಮುಕಾದಮನಿಗೆ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ನನ್ನ ಆಟ ಮಂದಿಯ ನೆನಪಿನಲ್ಲಿ ಇನ್ನೂ ನಡೆಯುತ್ತಿದೆ ಎಂದು ಒಳಗೊಳಗೆ ಹಿಗ್ಗಿದೆ. ಈ ಬರಹದಲ್ಲಿ ಬರೆಯಲು ನನಗೆ ಅತಿ ಕಷ್ಟವಾದ ಸಾಲು ಇದೇ.

ಒಂಬತ್ತನೆಯ ದಿನ, ಎರಡನೆಯ ಕೂಗು ಬಿದ್ದ ಮೇಲೂ ಬುಟ್ಟಿ ಹೊರುವ ಒಬ್ಬಾಕೆ ಇಳಿಜಾರಿನಲ್ಲಿ ನಡೆದೇ ಹೋಗುತ್ತಿದ್ದಳು. ಎರಡನೆಯ ಕೂಗಿಗೇ ಹಚ್ಚುವ ಬತ್ತಿಗೆ ಆಗಲೇ ಬೆಂಕಿ ಮುಟ್ಟಿತ್ತು. ಆಕೆ ನಗುತ್ತ, ಯಾರೂ ಇಲ್ಲದ ಗಾಳಿಗೆ, "ಏ ಹುಚ್ಚಾ, ಇವತ್ತ ನಾಟಕ ಇಲ್ಲ, ಸುಮ್ಕಿರು," ಎಂದಳು. ನನಗೇ ಹೇಳಿದ್ದು. ನಾನು ಈಚೆ ಬದಿಯಿಂದ, "ಅಕ್ಕಾ, ಓಡು, ಇದು ನಾ ಅಲ್ಲ," ಎಂದು ಒದರಿದೆ. ಆಕೆ ತಿರುಗಿ ನೋಡಿ ಇನ್ನಷ್ಟು ನಕ್ಕಳು. ನನ್ನ ಸ್ವಂತ ದನಿ ಆ ಗಣಿಯಲ್ಲಿ ಯಾರಿಗೂ ಗುರುತಿರಲಿಲ್ಲ. ಅದೂ ಯಾರದೋ ಅಣಕ ಎಂದುಕೊಂಡಳು.

ಮುತ್ಯಾ ಓಡಿದ. ಆಕೆಯ ಕೈ ಹಿಡಿದು ಎಳೆದು ಒಂದು ಬಂಡೆಯ ಮರೆಗೆ ದೂಡಿದ. ತಾನು ಪೂರ್ತಿ ಮರೆಯಾಗುವಷ್ಟು ಹೊತ್ತು ಸಿಗಲಿಲ್ಲ. ಹಾರಿದ ಚಕ್ಕೆಯೊಂದು ಎಡಹೆಗಲಿಗೆ ಬಡಿಯಿತು. ಆಕೆಗೆ ಒಂದು ಗೀರೂ ಇಲ್ಲ. ಮುತ್ಯಾ ಕೆಳಗೆ ಕುಳಿತು ಹಲ್ಲಿನ ಸಂದಿಯಿಂದ ಒಂದು ನರಳಿಕೆ ಬಿಟ್ಟ. ಅವನನ್ನು ಎತ್ತಲು ಓಡಿದವರಲ್ಲಿ ನಾನೂ ಇದ್ದೆ. ಓಡುತ್ತಿರುವಾಗಲೇ ನನ್ನ ಗಂಟಲು ಆ ನರಳಿಕೆಯ ಇಳಿಕೆಯನ್ನು ಹಿಡಿದಿಟ್ಟುಕೊಂಡಿತು. ಬೇಕೆಂದು ಮಾಡಿದ್ದಲ್ಲ. ಆದರೂ ಅದು ನನ್ನ ಗಂಟಲೇ.

ಎರಡು ದಿನದ ಮೇಲೆ ಗಣಿಯ ಗುತ್ತೇದಾರರು ಟಾಂಗಾದಲ್ಲಿ ಬಂದು ವಿಚಾರಣೆ ಮಾಡಿದರು. "ಮುದುಕ ಕೂಗಿದ್ರ ಮಂದಿ ನಗ್ಲಿಕತ್ತಾರಂದ್ರ ಆ ಕೂಗು ನನಗ್ಯಾಕ ಬೇಕು? ಒಂದು ರೈಲಿನ ಹಳಿ ತುಂಡು ತೂಗಹಾಕಿ ಬಾರಿಸ್ರಿ," ಎಂದರು.

"ಬಾರಿಸೋರು ಯಾರ್ರಿ ಧಣಿ?" ಎಂದ ಮುಕಾದಮ, ಮೊದಲು ಕೆಮ್ಮಿ.

"ಎರಡು ಕೈ ನೆಟ್ಟಗಿದ್ದವರು."

ಮುತ್ಯಾನ ಕೆಲಸ ಹೋಯಿತು ಎಂದು ಅದರ ಅರ್ಥ. ಅವನ ಮನೆಯಲ್ಲಿ ಗಂಡ ಸತ್ತ ಮಗಳು, ಆಕೆಯ ಎರಡು ಮಕ್ಕಳು. ಅವನು ಕೂಗಿದರೆ ಆ ಮನೆಯಲ್ಲಿ ರೊಟ್ಟಿ. ಆ ಸಂಜೆ ಅಲ್ಲಿಗೆ ಹೋದೆ. ಮಗಳು ರೊಟ್ಟಿ ಬಡಿಯುತ್ತಿದ್ದಳು. ತಲೆ ಎತ್ತದೆ, "ಬಾ ನಾಟಕದವನ. ಇವತ್ತ ಯಾರ ದನಿ ತಂದಿ?" ಎಂದಳು. ಮುತ್ಯಾ ಮೂಲೆಯಲ್ಲಿ ಗೋಡೆಗೆ ಒರಗಿ ಮಲಗಿದ್ದ. ನಾಳೆ ಎಲ್ಲರೆದುರು ತಪ್ಪು ಒಪ್ಪಿಕೊಳ್ಳುತ್ತೇನೆ ಎಂದು ಹೇಳಿ ಬಂದೆ.

ಬೆಳಿಗ್ಗೆ ಹಾಜರಿ ಕರೆಯುವ ಹೊತ್ತಿಗೆ ಒಂದು ಫರಸಿಯ ಒಟ್ಟಿಲನ್ನು ಹತ್ತಿ ನಿಂತೆ. ಗುತ್ತೇದಾರರೂ ಇದ್ದರು. "ಎಲ್ಲರೂ ಕೇಳ್ರಿ. ನಂದು ತಪ್ಪಾಗ್ಯದ," ಎಂದೆ.

"ಇದು ಯಾರ್ದು? ಮಾಸ್ತರಂದೇನು?" ಎಂದ ಒಬ್ಬ.

"ಅಲ್ಲೋ, ಗುಡಿ ಪೂಜಾರಿದು. ಮೂಗಿನಾಗ ಮಾತಾಡ್ಲಿಕತ್ತಾನ ನೋಡು."

"ಖರೇನ ಹೇಳ್ಲಿಕತ್ತೀನ್ರೋ," ಎಂದೆ. ನಗು ಹೆಚ್ಚಿತು. ಕಣ್ಣಲ್ಲಿ ನೀರು ಬಂತು, ಖರೆ ನೀರು. ಅದಕ್ಕೆ ಚಪ್ಪಾಳೆ ಬಿತ್ತು. ಗುತ್ತೇದಾರರು ಮೀಸೆಯ ಮೇಲೆ ಕೈ ಇಟ್ಟು ಮುಖ ಆ ಕಡೆ ಮಾಡಿದರು. ನನ್ನ ಇಪ್ಪತ್ತೆರಡು ವರ್ಷದಲ್ಲಿ ಎಲ್ಲರೆದುರು ಅಣಕವಿಲ್ಲದೆ ಆಡಿದ ಮೊದಲ ಮಾತಿಗೆ ಸಿಕ್ಕ ಮರ್ಯಾದೆ ಇದು.

ಆ ಹೊತ್ತಿಗೆ ಮುತ್ಯಾ ಬಂದಿದ್ದ. ಗಣಿಯಲ್ಲಿ ಉಳಿದಿದ್ದ ತನ್ನ ಕೋಲು ಒಯ್ಯಲು ಬಂದವನು, ಎಡಗೈಯನ್ನು ಹಳೆಯ ಧೋತರದ ತುಂಡಿನಲ್ಲಿ ಕೊರಳಿಗೆ ಕಟ್ಟಿಕೊಂಡಿದ್ದ. "ಧಣಿ, ಒಂದು ಮಾತು ಹೇಳ್ಲ್ಯಾ? ನೀವು ಹಳಿ ತುಂಡು ಬಾರಿಸಿದ್ರ ಇವ ಅದನ್ನೂ ಮಾಡ್ತಾನ," ಎಂದ. ಎಲ್ಲರೂ ನನ್ನತ್ತ ತಿರುಗಿದರು. "ಮಾಡ್ತಿ ಇಲ್ಲೇನೋ? ಮಾಡಿ ತೋರಸು."

ನಾಲಗೆಯನ್ನು ಅಂಗುಳಕ್ಕೆ ಒತ್ತಿ ಬಿಟ್ಟು ಠಣ್ಣೆನಿಸಿದೆ. ನಾಚಿಕೆಯ ಮಾತೆಂದರೆ, ಅದು ಚೆನ್ನಾಗಿಯೇ ಬಂತು.

"ಹಂಗಾದ್ರ ಏನು ಮಾಡೂಣು?" ಎಂದರು ಗುತ್ತೇದಾರರು.

"ಇವನ ಬಾಯಾಗ ನೀರು ತುಂಬಿ ನನ್ನ ಬಾಜೂಕ ನಿಲ್ಲಸ್ರಿ, ಎಲ್ಲಾರ್ಗೂ ಕಾಣೂ ಹಂಗ. ನಾ ಕೂಗ್ತೀನಿ. ಸುರಂಗ ಹಾರಿದ ಮ್ಯಾಲ ಇವ ಉಗುಳ್ಲಿ."

ಎಂಟು ದಿನ ನೋಡೋಣ ಎಂದು ಗುತ್ತೇದಾರರು ಒಪ್ಪಿದರು.

ಅಂದಿನಿಂದ ಸುರಂಗ ಹಚ್ಚುವಾಗಲೆಲ್ಲ ನಾನು ತಂಬಿಗೆ ಹಿಡಿದು ದಿಬ್ಬ ಹತ್ತಬೇಕು, ಎಲ್ಲರಿಗೂ ಕಾಣುವಂತೆ ನೀರು ಬಾಯಿಗೆ ಹಾಕಿಕೊಳ್ಳಬೇಕು, ಗಲ್ಲ ಉಬ್ಬಿಸಿಕೊಂಡು ಮುತ್ಯಾನ ಪಕ್ಕ ನಿಲ್ಲಬೇಕು. ಮೊದಲ ದಿನ ಮಂದಿ ನನ್ನ ಗಲ್ಲ ನೋಡಿ ನಕ್ಕರು. ನಕ್ಕರೂ ಸರಿದರು. ಎಲ್ಲರಿಗಿಂತ ಮೊದಲು ಸರಿದವಳು ಆ ಬುಟ್ಟಿಯಾಕೆ. ಒಂದು ದಿನ ಸೀನು ಬಂದು ನೀರು ಚೆಲ್ಲಿಹೋಯಿತು. ಸರಿಯುತ್ತಿದ್ದ ಮಂದಿಯೆಲ್ಲ ನಡುವೆಯೇ ನಿಂತುಬಿಟ್ಟಿತು. ಬತ್ತಿ ಇನ್ನೂ ಹಚ್ಚಿರಲಿಲ್ಲ, ಪುಣ್ಯ. ಮುತ್ಯಾ ತಂಬಿಗೆ ಎತ್ತಿ ಕೊಟ್ಟ, ಮೊದಲಿನಿಂದ ಕೂಗಿದ. ಎಂಟು ದಿನ ಹದಿನೈದಾದವು, ತಿಂಗಳಾಯಿತು. ಹಳಿ ತುಂಡಿನ ಮಾತು ಮತ್ತೆ ಯಾರೂ ಎತ್ತಲಿಲ್ಲ.

ಅಷ್ಟು ಹತ್ತಿರ ನಿಂತಾಗ ಒಂದು ಸಂಗತಿ ತಿಳಿಯಿತು. ಎರಡನೆಯ ಕೂಗಿನ ಮೇಲೆ ಅವನು ತಡೆಯುವುದು ಉಗುಳು ನುಂಗಲಿಕ್ಕಲ್ಲ. ಮರೆಗೆ ಹೋದವರನ್ನು ಒಬ್ಬೊಬ್ಬರನ್ನಾಗಿ ಕಣ್ಣಿನಿಂದ ಹುಡುಕಿ, ತುಟಿಯಲ್ಲೇ ಅವರವರ ಹೆಸರು ಹಿಡಿಯುತ್ತಿದ್ದ. ಎಲ್ಲ ಹೆಸರೂ ಮುಗಿದಾಗ ಒಣಗಿದ ಗಂಟಲಿಗೆ ಒಂದು ಗುಟುಕು ಇಳಿಯುತ್ತಿತ್ತು. ಆ ಹೆಸರುಗಳಲ್ಲಿ ನನ್ನದೂ ಇತ್ತು. ಅದನ್ನೇ ನಾನು ರಂಗದ ಮೇಲೆ ಗುಟಕ್ಕೆನಿಸಿ ಚಪ್ಪಾಳೆ ತಿಂದಿದ್ದೆ. ಬಾಯಲ್ಲಿ ನೀರಿದ್ದುದರಿಂದ ಆಗ ಏನೂ ಹೇಳಲಾಗಲಿಲ್ಲ; ಇಲ್ಲದಿದ್ದರೂ ಹೇಳುತ್ತಿದ್ದೆನೆಂದು ನಂಬಿಕೆಯಿಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ನನಗೆ ಸ್ವಲ್ಪ ಮಾನ ಉಳಿಯುತ್ತಿತ್ತು. ಸುಗ್ಗಿಗೆ ಮುಂಚೆ ಚಿಂಚೋಳಿಯಿಂದ ಕೆಲವರು ಬಂದು ಆ ಹಾಸ್ಯ ನಾಟಕವನ್ನು ತಮ್ಮಲ್ಲಿ ಆಡಬೇಕೆಂದು ಕೇಳಿದರು. ಕೂಗಿನ ಪ್ರವೇಶ ಇರಲೇಬೇಕು, ಅದರ ಸುದ್ದಿ ಕೇಳಿಯೇ ಬಂದಿದ್ದೇವೆ ಎಂದರು. ದರ್ಜಿ ಆಗಲೇ ಹೊಸ ಸೀರೆಯ ಮಾತು ತೆಗೆದ. ಅಷ್ಟು ದಿನ ನನ್ನೊಂದಿಗೆ ಮಾತು ಬಿಟ್ಟಿದ್ದ ಮಾಸ್ತರರು, "ನನಗೇನು ಕೇಳ್ತಿ? ಕೂಗಿನ ಧಣಿ ದಿಬ್ಬದ ಮ್ಯಾಲ ಅದಾನ. ಅವನಿಗಿ ಕೇಳು," ಎಂದರು.

ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಚಿಂಚೋಳಿ ದೂರ. ರೈಲು ಇಲ್ಲ. ಅದರಾಚೆ ಕುಂಚಾವರಂ ಕಡೆ ಬರೀ ಅಡವಿ. ಅಲ್ಲಿ ನಾನು ಕೂಗಿದರೆ ಯಾರ ಕೂದಲೂ ಕೊಂಕುವುದಿಲ್ಲ. ಇಷ್ಟೆಲ್ಲ ಆದ ಮೇಲೂ ನನ್ನ ಗಂಟಲಿಗೆ ಆ ನಗುವಿನ ಹಸಿವು ಹೋಗಿರಲಿಲ್ಲ ಎನ್ನುವುದನ್ನು ಮುಚ್ಚಿಟ್ಟು ಏನು ಮಾಡಲಿ?

ಮಧ್ಯಾಹ್ನದ ಸುರಂಗ ಹಾರಿತು. ನೀರು ಉಗುಳಿ, ಬಾಯಿ ಒರೆಸಿಕೊಂಡು ಕೇಳಿದೆ. "ಮುತ್ಯಾ, ಚಿಂಚೋಳ್ಯಾಗ ನಾಟಕ ಆಡ್ರಿ ಅಂತ ಕರೀಲಿಕತ್ತಾರ. ಅಲ್ಲಿ ಖಣಿ ಇಲ್ಲ, ಸುರಂಗ ಇಲ್ಲ. ಅಲ್ಲಿ ಒಂದ್ ಸಲ ನಿನ್ನ ಕೂಗು ಹಾಕ್ಲ್ಯಾ?"

ಅವನು ಒಂದೇ ಕೈಯಿಂದ ತಂಬಾಕಿನ ಚಂಚಿ ಬಿಚ್ಚಿದ. "ಕೂಲಿ ಮಂದಿ ಬರ್ತಾರೇನು ನೋಡ್ಲಿಕ್ಕ?"

"ಬರ್ತಾರ. ಸುತ್ತ ಹಳ್ಳಿ ಮಂದಿ ಎಲ್ಲಾ ಬರ್ತಾರ."

"ನಗ್ತಾರ?"

"ಹೊಟ್ಟಿ ಹಿಡ್ಕೊಂಡು ನಗ್ತಾರ ಮುತ್ಯಾ."

ಚಂಚಿ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡು ಅವನು ಅಂದ: "ಸುಗ್ಗಿ ಮುಗಿದ ಮ್ಯಾಲ ಆ ಮಂದಿ ಕೂಲಿ ಹುಡಿಕ್ಕೊಂಡು ಇದೇ ಖಣಿಗಿ ಬರ್ತಾರಲ್ಲೋ ತಮ್ಮಾ. ಅವರಿಗಿ ನಾ ಏನಂತ ಕೂಗ್ಲಿ?"